ಹನ್ನೆರಡರಿಂದ ಮೂವತ್ತರವರೆಗೆ



ಪವಿತ್ರ ಕುಟುಂಬದ ಹಬ್ಬದಂದು ಮೂರು ವರ್ಷಗಳಿಗೊಮ್ಮೆ ನಮ್ಮ ಇಗರ್ಜಿಗಳಲ್ಲಿ ಸಂತ ಲೂಕರ ಶುಭಸಂದೇಶದ ಒಂದು ಭಾಗವನ್ನು ಓದುತ್ತೇವೆ. ಹನ್ನೆರಡು ವರ್ಷದ ಬಾಲಯೇಸು ತಂದೆತಾಯಿಗೆ ಹೇಳದೆ ಜೆರುಸಲೇಮಿನಲ್ಲೇ ಉಳಿದುಬಿಟ್ಟ ಘಟನೆ. ಮೂರು ದಿನ ಹುಡುಕಾಟ. ಸಿಕ್ಕಿದ ಮೇಲೆ ತಾಯಿಯ ಗದರಿಕೆ. ಮಗನ ಉತ್ತರ ತಾಯಿಗೂ ಅರ್ಥವಾಗಲಿಲ್ಲ, ಸಂತ ಜೋಸೆಫರಿಗೂ ಅರ್ಥವಾಗಲಿಲ್ಲ ಎಂದು ಲೂಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪೀಠದ ಮೇಲೆ ನಿಂತು ಈ ಭಾಗದ ಬಗ್ಗೆ ಪ್ರಸಂಗ ಮಾಡುವಾಗ ನಾವು ಗುರುಗಳು ಸಾಮಾನ್ಯವಾಗಿ ಹೆತ್ತವರ ಕಡೆಗೆ ವಾಲುತ್ತೇವೆ. ಕೊನೆಯಲ್ಲಿ ಅವನು ನಜರೇತಿಗೆ ಮರಳಿ ವಿಧೇಯನಾಗಿದ್ದನಲ್ಲ, ಮಕ್ಕಳೇ ಹಾಗಿರಿ ಎಂದು ಮುಗಿಸಿಬಿಡುತ್ತೇವೆ. ನಾವೂ ಹಾಗೆ ಎಷ್ಟೋ ಸಲ ಮುಗಿಸಿದ್ದೇವೆ.

ಆದರೆ ಆ ಹನ್ನೆರಡರ ನಂತರ ಲೂಕರು ಏನು ಬರೆದರು? ಎರಡೇ ವಾಕ್ಯ. ಮುಂದೆ ಯೇಸುಸ್ವಾಮಿಯನ್ನು ಕಾಣುವಾಗ ಅವರಿಗೆ ಸುಮಾರು ಮೂವತ್ತು ವರ್ಷ. ನಡುವಿನ ಹದಿನೆಂಟು ವರ್ಷ ಬಡಗಿಯ ಉಳಿ, ಕೊರಡು, ಪ್ರಾರ್ಥನಾ ಮಂದಿರ, ಹಳ್ಳಿಯ ಬೀದಿ. ಅಷ್ಟೇ ಎಂದು ಊಹಿಸಬೇಕು. ಒಬ್ಬ ಹುಡುಗ ಗಂಡಸಾಗುವ, ತಾನು ಯಾರು, ಯಾವ ಕೆಲಸಕ್ಕೆ ಬಂದವನು ಎಂದು ತಿಳಿದುಕೊಳ್ಳುವ ಕಾಲವೇ ಶುಭಸಂದೇಶದಲ್ಲಿ ಖಾಲಿಯಾಗಿದೆ. ನಮ್ಮ ಕುಂದಾಪುರ ಸೀಮೆಯ ಚರಿತ್ರೆಯಲ್ಲಿಯೂ ಆ ಭಾಗ ಖಾಲಿಯೇ. ರಾಜರ ಹೆಸರು ಸಿಗುತ್ತದೆ, ಇಗರ್ಜಿ ಕಟ್ಟಿದ ವರ್ಷ ಸಿಗುತ್ತದೆ. ಹದಿನಾರು ವರ್ಷದವರು ಏನು ಯೋಚಿಸುತ್ತಿದ್ದರು ಎಂಬುದು ಸಿಗುವುದಿಲ್ಲ. ಸಿಕ್ಕಷ್ಟನ್ನು ಇಲ್ಲಿ ಕೂಡಿಸಲು ಪ್ರಯತ್ನಿಸುತ್ತೇವೆ.

ಹೀಗೆ ಯೋಚಿಸುವಂತೆ ಮಾಡಿದ್ದು ಬೀಜಾಡಿಯ ಕಡಲು. ಕೋಟೇಶ್ವರದ ಕಡೆಯಿಂದ ಹೆದ್ದಾರಿ ಬಿಟ್ಟು ಪಡುವಣಕ್ಕೆ ಇಳಿದರೆ ತೆಂಗಿನ ತೋಟ, ಮರಳು ದಾರಿ, ಆಮೇಲೆ ಕಡಲು. ಮನೆ ಭೇಟಿ ಮುಗಿಸಿ ಸಂಜೆ ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆವು. ದಡಕ್ಕೆ ಎಳೆದಿಟ್ಟ ದೋಣಿಯ ನೆರಳಿನಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು, ನಮ್ಮ ಧರ್ಮದವರಲ್ಲ, ಪರಿಚಯದ ಸಲುಗೆಯಲ್ಲಿ ಮೊಮ್ಮಗನ ಸುದ್ದಿ ಎತ್ತಿದರು. "ಡಿಪ್ಲೊಮಾ ಆಯ್ತ್ ಫಾದರ್. ಬೆಂಗ್ಳೂರಿಗ್ ಹ್ವಾದ, ಬಂದ. ಈಗ ಮೊಬೈಲ್ ಹಿಡ್ಕಂಡ್ ಮನೆಯೊಳ್ಗೆ ಕೂಕಂತ. ಎಂತ ಆಯ್ಕ್ ಅಂದೇಳಿ ಅವ್ನಿಗೇ ಗೊತ್ತಿಲ್ಲ. ನಮ್ಗೆಲ್ಲ ಆ ಪ್ರಶ್ನೆಯೇ ಇರ್ಲಿಲ್ಲ ಕಾಣಿ" ಎಂದರು.

ಅವರ ಕೊನೆಯ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ನಿಜ, ಅವರಿಗೆ ಆ ಪ್ರಶ್ನೆ ಇರಲಿಲ್ಲ. ಕೈರಂಪಣಿಯ ಕಾಲ ಅದು. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತ ಹತ್ತಾರು ಜನ ಎಳೆಯಬೇಕು. ಹುಡುಗ ಹಗ್ಗ ಹಿಡಿಯುವಷ್ಟು ಬೆಳೆದನೆಂದರೆ ಅವನಿಗೂ ಆ ಸಾಲಿನಲ್ಲಿ ಜಾಗ. ಅವನ ಹಿಂದೆ ಅಪ್ಪ, ಮುಂದೆ ಮಾವ. ಮೀನು ಪಾಲಾಗುವಾಗ ಅವನ ಹೆಸರೂ ಎಣಿಕೆಗೆ ಸೇರಿದ ದಿನ ಅವನು ದೊಡ್ಡವನಾದ ಹಾಗೆ. ನೀನು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿತ್ತು. 1970ರ ದಶಕದ ನಡುವೆ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ಬೋಟು ಸಾಲ ಮಾಡಿದವನದ್ದಾಯಿತು, ದಡದ ಹಗ್ಗದ ಸಾಲು ಕರಗಿತು. ಮೀನಿನ ಲೆಕ್ಕವನ್ನು ಇಲಾಖೆಯವರು ಬರೆದಿಟ್ಟಿದ್ದಾರೆ. ಆ ಸಾಲಿನಲ್ಲಿ ಬೆಳೆದು ದೊಡ್ಡವರಾಗುತ್ತಿದ್ದ ಹುಡುಗರ ಲೆಕ್ಕ ಯಾರೂ ಇಡಲಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಬೇಗ ಮುಗಿಯುತ್ತಿತ್ತು. ನಮ್ಮ ಧರ್ಮಸಭೆಯ ಕಾನೂನನ್ನೇ ನೋಡಿ. 1917ರ ಧರ್ಮಸಂಹಿತೆ ಬರುವ ತನಕ ಮದುವೆಗೆ ಹೆಣ್ಣಿಗೆ ಹನ್ನೆರಡು, ಗಂಡಿಗೆ ಹದಿನಾಲ್ಕು ವರ್ಷ ತುಂಬಿದರೆ ಸಾಕಿತ್ತು. 1917ರಲ್ಲಿ ಅದು ಹದಿನಾಲ್ಕು ಮತ್ತು ಹದಿನಾರಾಯಿತು. ಭಾರತದಲ್ಲಿ 1929ರ ಶಾರದಾ ಕಾಯ್ದೆ ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದಿತು. ಹದಿನೆಂಟು ಮತ್ತು ಇಪ್ಪತ್ತೊಂದು ಎಂದಾದದ್ದು 1978ರಲ್ಲಿ. ಅಂದರೆ ನಮ್ಮ ಮುತ್ತಜ್ಜಿಯರಿಗೆ ಯೌವನವೆಂಬ ಬೇರೆ ಕಾಲವೇ ಇರಲಿಲ್ಲ. ಒಂದು ಮನೆಯ ಮಗಳು ಬೆಳಗಾಗುವುದರೊಳಗೆ ಇನ್ನೊಂದು ಮನೆಯ ಸೊಸೆ. ಕೋಟೇಶ್ವರದ ಕೊಡಿ ಹಬ್ಬದಲ್ಲಿ ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಕೊಂಡು ಮನೆಗೆ ಹೋಗುವುದನ್ನು ಇಂದಿಗೂ ಕಾಣುತ್ತೇವೆ. ಊರೆಲ್ಲ ನೋಡುವಂತೆ, ಇಗೋ ಇವರು ಇನ್ನು ಮಕ್ಕಳಲ್ಲ ಎಂದು ಹೇಳುವ ಕ್ರಮ ಎಷ್ಟು ಚೆಂದ! ಆದರೆ ಆ ಕೊಡಿ ಹಿಡಿದವಳು ಏನಾಗಬೇಕೆಂದು ಬಯಸಿದ್ದಳು ಎಂದು ಕೇಳುವ ಕ್ರಮ ಯಾವ ಜಾತಿಯಲ್ಲೂ ಇರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ.

ಆದ್ದರಿಂದ ಹಳೆಯ ಕಾಲವೇ ಒಳ್ಳೆಯದಿತ್ತು ಎಂದು ನಾವು ಹೇಳಲಾರೆವು.

ಹಳೆಯ ಕಾಲದಲ್ಲಿಯೂ ಪ್ರಶ್ನೆ ಕೇಳಿಕೊಂಡವರಿದ್ದರು. ಅಂಥವರಲ್ಲಿ ಒಬ್ಬರು ನಮ್ಮ ನೆಲದಲ್ಲೇ ನಡೆದಾಡಿದ್ದಾರೆ. ಸಂತ ಜೋಸೆಫ್ ವಾಜ್ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ್ದು 1651ರ ಏಪ್ರಿಲ್ 21ರಂದು. ಮನೆಮಾತು ಕೊಂಕಣಿ, ಶಾಲೆಯಲ್ಲಿ ಪೋರ್ಚುಗೀಸ್, ಸೆಮಿನರಿಗಾಗಿ ಲ್ಯಾಟಿನ್. ಆಳುವವರು ಪರದೇಶಿಗಳು. ಅಂದಿನ ಗೋವೆಯಲ್ಲಿ ಯುರೋಪಿನ ಧಾರ್ಮಿಕ ಸಂಸ್ಥೆಗಳು ಈ ದೇಶದ ಹುಡುಗರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಗುರುವಾಗಬಹುದು, ಆದರೆ ಅವರಲ್ಲೊಬ್ಬನಾಗಲು ಸಾಧ್ಯವಿಲ್ಲ. ಬುದ್ಧಿವಂತನಾದ, ಮನಸ್ಸು ಚುರುಕಾಗಿದ್ದ ಯುವಕನಿಗೆ ಇದು ಎಷ್ಟು ಚುಚ್ಚಿರಬೇಕು ಎಂದು ನಾವು ಯೋಚಿಸಿಯೇ ಇಲ್ಲ. ಪಟದಲ್ಲಿ ಅವರ ತಲೆಯ ಸುತ್ತ ಪ್ರಭೆ ಇರುವುದರಿಂದ ಹುಟ್ಟುವಾಗಲೇ ಎಲ್ಲ ಗೊತ್ತಿತ್ತು ಎಂದುಕೊಳ್ಳುತ್ತೇವೆ.

ಗೊತ್ತಿರಲಿಲ್ಲ. 1676ರಲ್ಲಿ ಗುರುದೀಕ್ಷೆಯಾಯಿತು. ಮರುವರ್ಷ ತನ್ನನ್ನು ಮಾತೆ ಮರಿಯಮ್ಮನವರ ದಾಸನೆಂದು ಸಾರುವ ಪತ್ರ ಬರೆದು ಸಹಿ ಹಾಕಿದರು. ಮನಸ್ಸು ಸಿಲೋನಿನ ಕಡೆಗೆ. ಅಲ್ಲಿ ಡಚ್ಚರ ಹಿಂಸೆಯಿಂದ ಕಥೋಲಿಕರು ಗುರುಗಳಿಲ್ಲದೆ ಇದ್ದರು. ಮೇಲಿನವರು ಕಳುಹಿಸಿದ್ದು ಕನ್ನಡ ಜಿಲ್ಲೆಗೆ. 1681ರಲ್ಲಿ ಅವರು ನಮ್ಮ ಕಡೆಗೆ ಬಂದಾಗ ವಯಸ್ಸು ಮೂವತ್ತು. ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಗಂಗೊಳ್ಳಿ, ಬಸ್ರೂರು, ಕುಂದಾಪುರ, ಬಾರ್ಕೂರು, ಕಲ್ಯಾಣಪುರ ಎಂದು ನದಿ ದಾಟುತ್ತ, ನಡೆಯುತ್ತ ತಿರುಗಿದರು. ಶಾಲೆಗಳನ್ನು ತೆರೆದರು. ಆಗ ಇಲ್ಲಿ ಪೋರ್ಚುಗಲ್ ಅರಸನ ಹಕ್ಕಿನ ಕಡೆಯವರಿಗೂ ರೋಮಿನಿಂದ ನೇಮಕವಾಗಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರಿಗೂ ದೊಡ್ಡ ಜಗಳ. ಯಾರ ಕೈಯಿಂದ ಸಂಸ್ಕಾರ ತೆಗೆದುಕೊಂಡರೆ ಸರಿ ಎಂದು ಜನರಿಗೆ ಗೊಂದಲ. ಆ ಜಗಳದ ನಡುವೆ ಸಿಕ್ಕಿಬಿದ್ದು, ಯಾರನ್ನೂ ಬಯ್ಯದೆ, 1684ರಲ್ಲಿ ಗೋವೆಗೆ ಮರಳಿದರು. ಹೊರಗಿನ ಕಣ್ಣಿಗೆ ನೋಡಿದರೆ ಸೋತು ಹೋದ ಹಾಗೆಯೇ.

ಗೋವೆಯಲ್ಲಿ ಮಾಡಿದ್ದೇನು? ಯಾವ ಸಂಸ್ಥೆಯೂ ಒಳಗೆ ಬಿಡದ ದೇಶೀಯ ಗುರುಗಳ ಒಂದು ಸಣ್ಣ ಗುಂಪನ್ನು 1685ರಲ್ಲಿ ಸೇರಿದರು. ಅವರ ಮುಂದಾಳತ್ವದಲ್ಲಿ ಅದು ಒರೆಟೋರಿಯನ್ ಸಂಘವಾಯಿತು, ಪೂರ್ತಿ ಭಾರತೀಯರದ್ದೇ. 1687ರಲ್ಲಿ ಕೂಲಿಯ ವೇಷದಲ್ಲಿ ಸಿಲೋನಿಗೆ ದಾಟಿದರು. ಆಗ ಮೂವತ್ತಾರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯಲ್ಲಿ ಅವರ ನೆನಪು ಇಂದಿಗೂ ಹಸಿರಾಗಿದೆ. ಹುಡುಗರಿಗೆ ಅವರ ಪವಾಡಗಳನ್ನು ಹೇಳುತ್ತೇವೆ, ಸಂತೋಷ. ಆದರೆ ಇಪ್ಪತ್ತೈದರಿಂದ ಮೂವತ್ತಾರರ ತನಕ, ಹನ್ನೊಂದು ವರ್ಷ, ಈ ಮನುಷ್ಯ ತನ್ನ ಕೆಲಸ ಯಾವುದೆಂದು ಹುಡುಕುತ್ತಾ ಕೊಟ್ಟ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಾ ಇದ್ದರೆಂದು ಯಾಕೆ ಹೇಳುವುದಿಲ್ಲವೋ!

ಇನ್ನೊಂದು ಅಧ್ಯಾಯ ನೋವಿನದ್ದು. ಹಗೆ ಬೆಳೆಸಲು ಅದನ್ನು ನೆನೆಯುವವರಿದ್ದಾರೆ, ಆದ್ದರಿಂದ ಸ್ವಲ್ಪ ಹೆದರಿಯೇ ಬರೆಯುತ್ತೇವೆ. 1784ರ ಫೆಬ್ರವರಿ ಕೊನೆಯಲ್ಲಿ, ತಪಸ್ಸುಕಾಲ ಆರಂಭವಾಗುವ ದಿನಗಳಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಸಂಶಯ ಅವನದ್ದು. ಎಷ್ಟು ಜನ ಎಂಬ ಲೆಕ್ಕ ಒಬ್ಬೊಬ್ಬರದ್ದು ಒಂದೊಂದು. ಮೂವತ್ತು ಸಾವಿರ ಎಂದವರಿದ್ದಾರೆ, ಅದರ ಎರಡರಷ್ಟು ಎಂದವರೂ ಇದ್ದಾರೆ. ದಾರಿಯಲ್ಲಿ ಸತ್ತವರು ಬಹಳ. ಸೆರೆ ಮುಗಿದದ್ದು 1799ರ ಮೇ 4ರಂದು, ಪಟ್ಟಣ ಬಿದ್ದ ದಿನ. ಇದು ನಮ್ಮ ಎಲ್ಲ ಮನೆಗಳಲ್ಲಿ ಗೊತ್ತಿರುವ ಕಥೆ. ನಾವು ಕೇಳುವುದು ಬೇರೆ. 1784ರಲ್ಲಿ ಐದು ವರ್ಷದ ಮಗುವಿಗೆ 1799ರಲ್ಲಿ ಇಪ್ಪತ್ತು. ಆ ಮಗು ಯಾರಾಗಿ ಬೆಳೆಯಿತು?

ಯುವಕರನ್ನು ಸೈನ್ಯದ ತುಕಡಿಗಳಿಗೆ ಸೇರಿಸಿದರು. ಹೆಸರು ಬದಲಾಯಿತು, ಉಡುಪು ಬದಲಾಯಿತು, ಪ್ರಾರ್ಥಿಸುವ ರೀತಿ ಬದಲಾಯಿತು. ಅವರಲ್ಲಿ ತಮ್ಮ ಕಥೆ ಬರೆದಿಟ್ಟವರು ನಮಗೆ ಸಿಕ್ಕಿಲ್ಲ. ಆದರೆ ಅದೇ ಸೆರೆಯಲ್ಲಿದ್ದ ಒಬ್ಬ ಇಂಗ್ಲಿಷ್ ಹುಡುಗ ಬರೆದಿದ್ದಾನೆ. ಜೇಮ್ಸ್ ಸ್ಕರಿ ಎಂದು ಅವನ ಹೆಸರು. ಹಡಗಿನ ಕೆಲಸದ ಹದಿಹರೆಯದ ಹುಡುಗ. 1782ರಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಅವರಿಂದ ಹೈದರನ ಕೈಗೆ ಹೋಗಿ, ಹತ್ತು ವರ್ಷದ ಹತ್ತಿರ ಮೈಸೂರಿನವರ ಸೈನ್ಯದಲ್ಲಿ ಬೆಳೆದ. ಅಲ್ಲೇ ಮದುವೆಯೂ ಆಯಿತು. ತಪ್ಪಿಸಿಕೊಂಡು ಸ್ವಂತ ಜನರ ನಡುವೆ ಬಂದಾಗ ಅವನಿಗೆ ಕುರ್ಚಿಯ ಮೇಲೆ ಕೂರುವುದು, ಚಾಕು ಮುಳ್ಳು ಹಿಡಿದು ತಿನ್ನುವುದು ಮರೆತುಹೋಗಿತ್ತು. ತಾಯಿಭಾಷೆ ತಡವರಿಸುತ್ತಿತ್ತು. 1824ರಲ್ಲಿ, ಅವನು ಸತ್ತ ಮೇಲೆ, ಆ ಪುಸ್ತಕ ಅಚ್ಚಾಯಿತು. ಅವನು ಸೆರೆಯಿಂದ ಬಿಡಿಸಿಕೊಂಡ, ಆದರೆ ಬಿಟ್ಟು ಬಂದ ಹೆಂಡತಿಯ ನೆನಪಿನಿಂದ ಬಿಡಿಸಿಕೊಂಡನೋ ಇಲ್ಲವೋ, ದೇವರೇ ಬಲ್ಲ. ಯಾವ ಕಡೆಯವನು ಅವನು? ಹದಿನಾರರಿಂದ ಇಪ್ಪತ್ತೈದರ ತನಕ ಯಾರ ಜೊತೆ ಉಂಡೆವೋ, ಯಾರ ಜೊತೆ ನಕ್ಕೆವೋ, ಅದು ನಮ್ಮೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರದ ಪುಸ್ತಕಕ್ಕಿಂತ ಆ ಮುಳ್ಳು ಚಮಚ ಚೆನ್ನಾಗಿ ಹೇಳುತ್ತದೆ.

ನಮ್ಮವರಲ್ಲಿ ಒಂದಷ್ಟು ಮಂದಿ ಸೆರೆಯ ನಡುವೆಯೇ ತಪ್ಪಿಸಿಕೊಂಡು ಕೊಡಗಿಗೆ ಹೋದರು. ಅಲ್ಲಿಯ ಅರಸ ದೊಡ್ಡವೀರರಾಜೇಂದ್ರ, ಹಿಂದೂ ಅರಸ, ವಿರಾಜಪೇಟೆಯಲ್ಲಿ ಜಾಗ ಕೊಟ್ಟ; 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ಇಗರ್ಜಿ ಆಯಿತು. ಉಳಿದವರು 1799ರ ನಂತರ ಊರಿಗೆ ಬಂದರು. ಬಂದವರು ಹೋದವರಿಗಿಂತ ಬಹಳ ಕಡಿಮೆ. ಇಗರ್ಜಿ ಬಿದ್ದುಹೋಗಿದೆ, ಗದ್ದೆ ಇನ್ನೊಬ್ಬರ ಕೈಯಲ್ಲಿದೆ. ಇಪ್ಪತ್ತರ ಯುವಕನಿಗೆ ಊರೇ ನೆನಪಿಲ್ಲ. ತಾಯಿ ಹೇಳಿದ್ದೇ ಊರು. ಹಾಗೆ ಬಂದವರು ಮದುವೆಯಾಗಿ, ಗೇಣಿಗೆ ಗದ್ದೆ ಹಿಡಿದು, ಇಗರ್ಜಿ ಎಬ್ಬಿಸಿ, ಇಂದಿನ ನಮ್ಮ ಸಮಾಜದ ಅಡಿಪಾಯ ಹಾಕಿದರು. ಬಾರದವರೂ ಯಾರದೋ ಮಕ್ಕಳೇ. ಅವರ ಸಂತತಿ ಇಂದು ಮೈಸೂರು ಸೀಮೆಯಲ್ಲಿ ಬೇರೆ ಹೆಸರಿನಲ್ಲಿ, ಬೇರೆ ಪ್ರಾರ್ಥನೆಯಲ್ಲಿ ಬಾಳುತ್ತಿರಬಹುದು. ಅವರನ್ನು ಕೈಬಿಟ್ಟವರೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ.

ಇಪ್ಪತ್ತನೆಯ ಶತಮಾನಕ್ಕೆ ಬರೋಣ. ಈಗ ಹುಡುಗರನ್ನು ಯಾರೂ ಹಿಡಿದು ಒಯ್ಯಲಿಲ್ಲ, ಬಡತನವೇ ಒಯ್ದಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಎಷ್ಟು ಮನೆಗಳಿಂದ ಎಷ್ಟು ಹುಡುಗರು ಮುಂಬಯಿಯ ಹೋಟೆಲಿನ ಲೋಟ ತೊಳೆಯಲು ಹೋದರೆಂದು ಎಣಿಸಿದವರಿಲ್ಲ. ಹಡಗು, ಆಮೇಲೆ ಬಸ್ಸು. ಜೇಬಿನಲ್ಲಿ ಊರಿನ ಒಬ್ಬರ ವಿಳಾಸ. ಪಾರಂಪಳ್ಳಿಯ ಮೈಯ ಸಹೋದರರು ಹಾಗೆಯೇ ಅಡುಗೆ ಕೆಲಸಕ್ಕೆ ಬೆಂಗಳೂರಿಗೆ ಹೋದವರು. 1924ರಲ್ಲಿ ಅವರು ತೆರೆದ ಬ್ರಾಹ್ಮಣರ ಕಾಫಿ ಕ್ಲಬ್ಬೇ ಮುಂದೆ ಎಂ.ಟಿ.ಆರ್. ಆಯಿತು. ಅವರದ್ದು ಎಲ್ಲರಿಗೂ ಗೊತ್ತಿರುವ ಹೆಸರು. ಗೊತ್ತಿಲ್ಲದ ಸಾವಿರ ಹೆಸರುಗಳಿವೆ. ನಮ್ಮ ಕಥೋಲಿಕ ಹುಡುಗರು ಅಡುಗೆಯವರಾಗಿ, ಕಾರಕೂನರಾಗಿ ಹೋದರು. 1970ರ ದಶಕದ ನಂತರ ಗಲ್ಫಿಗೆ.

ಮುಂಬಯಿಯಲ್ಲಿ ಒಂದು ದೊಡ್ಡ ಕೆಲಸ ನಡೆಯಿತು, ಅದನ್ನು ನಮ್ಮವರು ಕಡಿಮೆ ನೆನೆಯುತ್ತಾರೆ. ಅದು ರಾತ್ರಿ ಶಾಲೆ. ಹಗಲಿಡೀ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದ ಹುಡುಗರು ಸಂಜೆ ಕೈ ತೊಳೆದು ಪುಸ್ತಕ ಹಿಡಿಯುತ್ತಿದ್ದರು. ನಮ್ಮ ಕರಾವಳಿಯ ಮೊಗವೀರ ಸಮಾಜದವರು 1902ರಲ್ಲಿ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಅವರ ಉಚಿತ ರಾತ್ರಿ ಶಾಲೆಯಲ್ಲಿ ಕಲಿತವರು ಒಂದೇ ಜಾತಿಯವರಲ್ಲ. ಕನ್ನಡದಲ್ಲಿ ಪಾಠ. ಅಂಥ ಇನ್ನೂ ಕೆಲವು ಶಾಲೆಗಳು ಕೋಟೆ ಪ್ರದೇಶದಲ್ಲಿದ್ದವು. ಅಲ್ಲಿ ಕಲಿತ ಹಿರಿಯರೊಬ್ಬರು ನಮ್ಮೊಡನೆ ಹೇಳಿದ್ದುಂಟು: ಹೋಟೆಲಿನಲ್ಲಿ ಎಲ್ಲರಿಗೂ ಅವರು "ಏ ಹುಡುಗ", ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಮನೆತನದ ಹೆಸರು ಸಹಿತ ಪೂರ್ತಿ ಹೆಸರು. ಮೇಷ್ಟ್ರು ದಿನಾ ರಾತ್ರಿ ಆ ಪೂರ್ತಿ ಹೆಸರು ಕೂಗುತ್ತಿದ್ದರಂತೆ. "ಅದನ್ನ್ ಕೇಂಬುಕಾಗಿಯೇ ನಾನ್ ಹೋತಿದ್ದೆ" ಎಂದು ನಕ್ಕರು. ಪರೀಕ್ಷೆಯಲ್ಲಿ ಪಾಸಾದರೋ ಇಲ್ಲವೋ, ಆ ಮಾತನ್ನು ಅವರು ಹೇಳಲಿಲ್ಲ.

ಇಷ್ಟೆಲ್ಲ ಆಗುವಾಗ ನಮ್ಮ ಕೋಟದಲ್ಲೇ ಇನ್ನೊಂದು ಬಗೆಯ ಹುಡುಕಾಟ ನಡೆದಿತ್ತು. ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜನ್ನು ನಡುವಿನಲ್ಲೇ ಬಿಟ್ಟರು. ಆಗ ಇನ್ನೂ ಇಪ್ಪತ್ತರ ಆಸುಪಾಸು. ಖಾದಿ ಪ್ರಚಾರ, ಪತ್ರಿಕೆ, ನಾಟಕ, ಫೋಟೊ, ಯಕ್ಷಗಾನ, ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣ: ಒಂದರ ಮೇಲೊಂದು. ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಇಂಥ ಒಬ್ಬ ಮಗ ಇಂದು ನಮ್ಮ ಯಾವುದಾದರೂ ಮನೆಯಲ್ಲಿದ್ದರೆ ತಂದೆತಾಯಿ ಫಾದರ್ ಹತ್ತಿರ ಕೌನ್ಸೆಲಿಂಗಿಗೆ ಕರೆತರುತ್ತಾರೆ, ನಾವೂ ಒಂದು ಕೆಲಸದಲ್ಲಿ ನಿಲ್ಲು ಮಗಾ ಎನ್ನುತ್ತೇವೆ. 1941ರಲ್ಲಿ ಬಂದ 'ಮರಳಿ ಮಣ್ಣಿಗೆ' ನಮ್ಮ ಈ ಕಡಲ ತೀರದ ಮೂರು ತಲೆಮಾರಿನ ಕಾದಂಬರಿ. ಓದಿ ಪಟ್ಟಣಕ್ಕೆ ಹೋದವನು ಮಣ್ಣಿಗೆ ಮರಳುವುದು ಸೋಲೋ ಗೆಲುವೋ ಎಂಬ ಪ್ರಶ್ನೆ ಅದರಲ್ಲಿದೆ. ಯುವಜನರ ಕೂಟದಲ್ಲಿ ಓದಿಸಬೇಕಾದ ಪುಸ್ತಕವೆಂದು ನಮ್ಮ ಅಭಿಪ್ರಾಯ, ಧರ್ಮಪುಸ್ತಕವಲ್ಲವೆಂದು ಯಾರಾದರೂ ಹುಬ್ಬೇರಿಸಿದರೂ ಸರಿಯೇ.

ಕುಂದಾಪುರದ ಒಬ್ಬ ಹೆಣ್ಣುಮಗಳ ವಿಷಯವೂ ಹೇಳಬೇಕು. 1945ರಲ್ಲಿ ಹುಟ್ಟಿದ ವಾಸಂತಿ ಎಂಬ ಹುಡುಗಿ, ದೊಡ್ಡ ತುಂಬಿದ ಮನೆ. 1963ರಲ್ಲಿ ಆರಂಭವಾದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿ.ಕಾಂ. ಓದಿದಳು. ಕಾಲೇಜು ಊರಿಗೇ ಬಾರದಿದ್ದರೆ ಆ ಕಾಲದ ಎಷ್ಟು ಹುಡುಗಿಯರು ಓದುತ್ತಿದ್ದರು? ಅವಳು 'ಸುಧಾ' ವಾರಪತ್ರಿಕೆಗೆ ಒಂದು ಕಥೆ ಕಳುಹಿಸಿ, ನಿಜ ಜೀವನದ್ದಾದ್ದರಿಂದ ಪ್ರಕಟಿಸುವುದು ಬೇಡವೆಂದು ಮತ್ತೆ ಹಿಂಜರಿದಳು. ಸಂಪಾದಕರು ಹೆಸರು ಬದಲಿಸಿ 'ವೈದೇಹಿ' ಎಂದು ಅಚ್ಚುಹಾಕಿದರು. ಅಂಜಿ ಮರೆಮಾಡಿದ ಹೆಸರೇ ಅವರ ಹೆಸರಾಯಿತು. 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಹೆಸರಿಗೆ. ನಮ್ಮ ಕುಂದಗನ್ನಡಕ್ಕೆ ಕಥೆಯೊಳಗೆ ಕೂರಲು ಜಾಗ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು.

ಸೆಮಿನರಿಯಲ್ಲಿ ನಮಗೆ ಕಲಿಸಿದ ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞನೂ ಕಾರಂತರು ಹುಟ್ಟಿದ ವರ್ಷವೇ, 1902ರಲ್ಲಿ, ಜರ್ಮನಿಯಲ್ಲಿ ಹುಟ್ಟಿದವನು ಎಂದು ಈಚೆಗೆ ಗಮನಕ್ಕೆ ಬಂದು ಆಶ್ಚರ್ಯವಾಯಿತು. ಹರೆಯದಲ್ಲಿ 'ನಾನು ಯಾರು' ಎಂಬ ಬಿಕ್ಕಟ್ಟು ಎಲ್ಲರಿಗೂ ಬರುತ್ತದೆಂದು ಹೇಳಿ ಆ ಮಾತನ್ನು ಲೋಕಕ್ಕೆ ಪರಿಚಯಿಸಿದವನು ಅವನು. ತನ್ನ ಹೆತ್ತ ತಂದೆ ಯಾರೆಂದು ಅವನಿಗೇ ಗೊತ್ತಿರಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದ. ಶಾಲೆಯಲ್ಲಿ ಯಹೂದಿಯೆಂದು ಹೀಯಾಳಿಸಿದರು, ಯಹೂದಿಯರ ಮಂದಿರದಲ್ಲಿ ಹೊರಗಿನವನ ಮುಖ ಎಂದರು. ಯೌವನದಲ್ಲಿ ಚಿತ್ರ ಬರೆಯುತ್ತ ಯುರೋಪಿನಲ್ಲಿ ಅಲೆದ, ಪದವಿಯಿಲ್ಲ. ಅಮೇರಿಕೆಯ ಪೌರನಾದಾಗ, 1939ರಲ್ಲಿ, ಎರಿಕ್ಸನ್ ಎಂದು ಹೆಸರನ್ನು ತಾನೇ ಇಟ್ಟುಕೊಂಡ. ಎರಿಕನ ಮಗ ಎಂದು ಅದರ ಅರ್ಥ; ತನಗೆ ತಾನೇ ತಂದೆಯಾದ ಹಾಗೆ! 1962ರಲ್ಲಿ ಅಹಮದಾಬಾದಿಗೆ ಬಂದಿದ್ದಾಗ ಗಾಂಧೀಜಿಯ ಮೇಲೆ ಆಸಕ್ತಿ ಮೂಡಿ, 1969ರಲ್ಲಿ ಅವರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ.

ಅವನ ಒಂದು ವಿಚಾರ ನಮಗೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಸಾಲ ತೀರಿಸಲು ಕೆಲವು ಸಲ ಬ್ಯಾಂಕಿನವರು ಗಡುವು ಕೊಡುವುದಿಲ್ಲವೇ? ಹಾಗೆ ಸಮಾಜ ಯುವಕರಿಗೆ ಒಂದು ಗಡುವು ಕೊಡಬೇಕು ಎನ್ನುತ್ತಾನೆ. ತಪ್ಪಿ ನೋಡಲು, ಬಿಟ್ಟು ಹಿಡಿಯಲು, ಮತ್ತೆ ಬರಲು. ಇದು ಆಲಸ್ಯಕ್ಕೆ ಕೊಟ್ಟ ರಜೆಯಲ್ಲ. ಆ ಅವಧಿಯಲ್ಲಿ ಜೊತೆಗಿರುವ ಹಿರಿಯರಿರಬೇಕು, ಕೈಗೆ ನಿಜವಾದ ಕೆಲಸವಿರಬೇಕು. ಕೈರಂಪಣಿಯ ಸಾಲಿನಲ್ಲಿ ಹಿರಿಯರೂ ಕೆಲಸವೂ ಇದ್ದವು, ಗಡುವು ಇರಲಿಲ್ಲ. ಇಂದು ಗಡುವು ಬೇಕಾದಷ್ಟಿದೆ, ಮೂವತ್ತರ ತನಕವೂ ಇದೆ. ಸಾಲಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲ. ಅಪ್ಪ ದುಬೈಯಲ್ಲಿ, ಅಮ್ಮ ಇಸ್ರೇಲಿನಲ್ಲಿ ಮುದುಕರ ಆರೈಕೆಯ ಕೆಲಸದಲ್ಲಿ, ಮನೆಯಲ್ಲಿ ಅಜ್ಜಿ ಮತ್ತು ವೈಫೈ. ಇಂಥ ಮನೆಗಳನ್ನು ನಾವು ಮನೆ ಆಶೀರ್ವಾದಕ್ಕೆ ಹೋದಾಗ ನೋಡುತ್ತೇವೆ. ಗೋಡೆ ಹೊಸದು, ಟೈಲ್ಸ್ ಹೊಳೆಯುತ್ತವೆ, ಹುಡುಗ ಕೋಣೆಯಿಂದ ಹೊರಗೆ ಬರುವುದಿಲ್ಲ.

2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೋ ಅವರು ಹದಿನೈದನೆಯ ವಯಸ್ಸಿಗೆ ತೀರಿಕೊಂಡ ಕಾರ್ಲೊ ಅಕುತಿಸನನ್ನು ಸಂತನೆಂದು ಸಾರಿದಾಗ ಎಲ್ಲ ಕಡೆ ಅವನ ಪಟ ಬಂತು, ಜೀನ್ಸ್ ಹಾಕಿದ ಸಂತ, ಕಂಪ್ಯೂಟರ್ ಸಂತ. ಒಳ್ಳೆಯದೇ. ಆದರೆ ದೃಢೀಕರಣದ ತರಗತಿಯಲ್ಲಿ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆಗೆ ನಮ್ಮ ಬಳಿ ತಕ್ಷಣ ಉತ್ತರವಿರಲಿಲ್ಲ: "ಫಾದರ್, ಅವನು ಬದುಕಿ ಮೂವತ್ತು ವರ್ಷ ಆಗಿ, ಕೆಲಸ ಸಿಗದೆ ಮನೆಯಲ್ಲಿದ್ದಿದ್ದರೆ?"

ಉತ್ತರವಿಲ್ಲದ್ದಕ್ಕೆ ಒಂದು ಕಾರಣವಿದೆ. ಅದನ್ನು ಹೇಳಿ ಮುಗಿಸುತ್ತೇವೆ. ಹಲವು ವರ್ಷಗಳ ಹಿಂದೆ, ನಾವು ಹೊಸ ಗುರುಗಳಾಗಿ ಕಡಲ ಬದಿಯ ಒಂದು ಧರ್ಮಕೇಂದ್ರದಲ್ಲಿದ್ದಾಗ, ಪಿಯುಸಿ ವಿಜ್ಞಾನದಲ್ಲಿ ಎರಡು ಸಲ ಫೇಲಾದ ಹುಡುಗನನ್ನು ಅವನ ತಾಯಿ ನಮ್ಮ ಬಳಿ ಕರೆತಂದರು. ಹುಡುಗನಿಗೆ ದೋಣಿಯಲ್ಲಿ ಹೋಗುವುದೆಂದರೆ ಪ್ರಾಣ. ಗಲ್ಫಿನಲ್ಲಿದ್ದ ತಂದೆಗೆ ಅದು ಅವಮಾನ. ತಾನು ಯಾವ ಬದುಕಿನಿಂದ ಓಡಿಹೋದೆನೋ ಅಲ್ಲಿಗೇ ಮಗ ಹೋಗುವುದೇ? ನಾವು ತಂದೆಯ ಮಾತನ್ನೇ ಎತ್ತಿ ಹಿಡಿದೆವು. ಮಾರ್ಕ್ಸ್ ಕೇಳಿದೆವು, ಟ್ಯೂಷನ್ ಹೇಳಿದೆವು, ಪ್ರಾರ್ಥಿಸು ಎಂದೆವು. ಅವನು ತಲೆಯಾಡಿಸಿ ಹೋದ. ಅಲ್ಲಿಂದ ಮುಂದೆ ಭಾನುವಾರದ ಪೂಜೆಗೂ ಬರಲಿಲ್ಲ. ಒಂದು ರಾತ್ರಿ ಮನೆ ಬಿಟ್ಟು ಹೋದನೆಂದು ತಿಳಿಯಿತು. ಅವನ ತಾಯಿ ಹುಡುಕಿದ್ದು ಮೂರು ದಿನವಲ್ಲ, ಎರಡು ವರ್ಷ.

ಕಳೆದ ವರ್ಷ ಅವನು ನಮ್ಮನ್ನು ಹುಡುಕಿಕೊಂಡು ಈಗಿನ ಧರ್ಮಕೇಂದ್ರಕ್ಕೆ ಬಂದ. ಮೂವತ್ತು ದಾಟಿದೆ. ಮಲ್ಪೆಯಲ್ಲಿ, ರತ್ನಾಗಿರಿಯಲ್ಲಿ ಬೋಟಿನ ಕೆಲಸ ಮಾಡಿ, ಈಗ ಊರಿಗೆ ಬಂದು ಇಬ್ಬರೊಡನೆ ಸೇರಿ ಸಣ್ಣ ದೋಣಿ ಮಾಡಿಕೊಂಡಿದ್ದಾನೆ. ಅಕ್ಕನ ಮಗ ದೃಢೀಕರಣ ಪಡೆಯುವವನಿದ್ದ. ಹುಡುಗ ಹಟ ಹಿಡಿದು ಮಾವನೇ ತನಗೆ ಜ್ಞಾನಪಿತ ಆಗಬೇಕೆಂದಿದ್ದನಂತೆ. ಪತ್ರಕ್ಕಾಗಿ ಬಂದವನು ನಮ್ಮೆದುರು ಕುಳಿತು, ಸಿಟ್ಟಿಲ್ಲದೆಯೇ, "ಫಾದರ್, ಅವತ್ತ್ ನೀವ್ ನನ್ನ ಮಾರ್ಕ್ ಎಷ್ಟಂತ ಕೇಂಡ್ರಿ. ಕಡಲಿಗ್ ಹೋರೆ ನಂಗ್ ಎಂತ ಆತ್ತ್ ಅಂತ ಕೇಣ್ಲಿಲ್ಲ" ಎಂದ. ಕೇಳಲಿಲ್ಲ ಎಂದು ಒಪ್ಪಿಕೊಂಡೆವು. ಈಗ ಹೇಳು ಎಂದೆವು. ಅವನು ಹೇಳಿದ. ನಸುಕಿನಲ್ಲಿ ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆ ಎಂದು ತಿಳಿಯುವ ಬಗೆ, ಗಾಳಿ ತಿರುಗುವ ಮೊದಲು ಕಿವಿಗೆ ಆಗುವ ಹಾಗೆ, ಸತ್ತುಹೋದ ಅಜ್ಜನ ಹೆಸರು ಹಿಡಿದು ಬಲೆ ಬಿಡುವುದು, ಎಲ್ಲ. ಒಂದು ಗಂಟೆಯ ಮೇಲಾಯಿತು. ಸಂಜೆಯ ಆಂಜೆಲುಸ್ ಗಂಟೆ ಬಾರಿಸುವುದನ್ನು ಮರೆತು ಅಡುಗೆಯವರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಪತ್ರದಲ್ಲಿ ಹೆಸರು, ಊರು, ತಂದೆಯ ಹೆಸರು ಬರೆದು 'ಉದ್ಯೋಗ' ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದೆವು. ಅವನು ಪೆನ್ನನ್ನು ನಮ್ಮ ಕೈಯಿಂದ ತೆಗೆದುಕೊಂಡು, ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ 'ಮೀನುಗಾರ' ಎಂದು ತಾನೇ ಬರೆದ.